ನಾಡಿನ ಬಾವುಟ, ನುಡಿಯ ಬಾವುಟ: ಹಳದಿ-ಕೆಂಪು ಧ್ವಜದ ವಿನ್ಯಾಸ ಮತ್ತು ಅರ್ಥ

ನವೆಂಬರ್ ತಿಂಗಳು ಬಂದಿತೆಂದರೆ ಮುಂಬಯಿಯ ಹಾಗೂ ಅದರ ಉಪನಗರಗಳ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಸಡಗರ ಮೊದಲಾಗುತ್ತದೆ. ಬಾಡಿಗೆ ಸಭಾಗೃಹದ ಬಾಗಿಲಿಗೆ ಮಾವಿನ ತೋರಣ, ವೇದಿಕೆಯ ಮೇಲೆ ಭುವನೇಶ್ವರಿಯ ಚಿತ್ರಪಟ, ಎರಡೂ ಬದಿಗೆ ಹಳದಿ-ಕೆಂಪು ಬಾವುಟಗಳು. ಕೆಲವು ವರ್ಷಗಳ ಹಿಂದೆ ಇಂತಹ ಒಂದು ಸಮಾರಂಭ ಮುಗಿದು ಹೊರಬರುತ್ತಿದ್ದಾಗ ನನ್ನ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. ಅವಳು ಹುಟ್ಟಿ ಬೆಳೆದುದು ಮುಂಬಯಿಯಲ್ಲಿ. ಕರ್ನಾಟಕವನ್ನು ಕಂಡುದು ರಜೆಯ ದಿನಗಳಲ್ಲಿ ಮಾತ್ರ. "ಸರ್, ಇದು ಕರ್ನಾಟಕದ ಧ್ವಜವೋ, ಕನ್ನಡದ ಧ್ವಜವೋ? ಕರ್ನಾಟಕದ್ದಾದರೆ ಮಹಾರಾಷ್ಟ್ರದ ನಿವಾಸಿಯಾದ ನಾನು ಅದನ್ನು ಏಕೆ ಹಿಡಿಯಬೇಕು?" ಆ ಹೊತ್ತಿಗೆ ನಾನು ಏನೋ ಒಂದು ಸಮಾಧಾನ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹೊರನಾಡಿನಲ್ಲಿ ಬದುಕುವ ಕನ್ನಡಿಗರೆಲ್ಲರೂ ಒಂದಲ್ಲ ಒಂದು ದಿನ ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯಿದು. ಈ ಧ್ವಜದ ಹುಟ್ಟು, ವಿನ್ಯಾಸ, ಅರ್ಥಗಳನ್ನು ಪರಿಶೀಲಿಸಿ ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹುಡುಕುವುದು ಪ್ರಸ್ತುತ ಬರಹದ ಉದ್ದೇಶ.

೧. ಧ್ವಜ ಮತ್ತು ಲಾಂಛನ

ಮೊದಲು ಶಬ್ದಗಳ ವಿಚಾರ. ಧ್ವಜ, ಪತಾಕೆ, ಕೇತನಗಳು ಸಂಸ್ಕೃತದಿಂದ ಬಂದವು. ಕನ್ನಡವು ತನ್ನವೇ ಆದ ಹಳವಿಗೆ, ಟೆಕ್ಕೆಯ, ಸಿಂಧ, ಗುಡಿ, ಬಾವುಟ ಮೊದಲಾದ ಮಾತುಗಳನ್ನೂ ಬಳಸುತ್ತ ಬಂದಿದೆ. ಇವುಗಳಲ್ಲಿ 'ಗುಡಿ' ಎಂಬುದು ವಿಶೇಷವಾಗಿ ಗಮನಾರ್ಹ. ದೇವಾಲಯವೆಂಬ ಅರ್ಥ ಇಂದು ಎಲ್ಲರಿಗೂ ಪರಿಚಿತ. ಬಾವುಟವೆಂಬ ಅರ್ಥ 'ಗುಡಿ ತೋರಣ ಕಟ್ಟಿದರು' ಎಂಬ ನುಡಿಗಟ್ಟಿನಲ್ಲಿ ಮಾತ್ರ ಉಳಿದುಕೊಂಡಿದೆ. ಯುಗಾದಿಯ ದಿನ ನಮ್ಮ ಮರಾಠಿ ನೆರೆಹೊರೆಯವರು ಕಿಟಕಿಯಲ್ಲಿ ಬಿದಿರ ಕೋಲಿಗೆ ರೇಷ್ಮೆಯ ವಸ್ತ್ರ ಕಟ್ಟಿ ನಿಲ್ಲಿಸುವ 'ಗುಢಿ'ಯನ್ನು ಕಂಡಾಗ ನಾವು ಮರೆತ ಆ ಅರ್ಥ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಒಂದೇ ದಿನ, ಒಂದೇ ಗೋಡೆಯ ಆಚೆ ಈಚೆ, ಒಂದು ಮನೆಯಲ್ಲಿ ಬೇವುಬೆಲ್ಲ, ಇನ್ನೊಂದರಲ್ಲಿ ಗುಢಿ.

ನಮ್ಮ ಶಾಸನಗಳು ಧ್ವಜವನ್ನೂ ಲಾಂಛನವನ್ನೂ ಬೇರೆ ಬೇರೆಯಾಗಿ ಹೇಳುತ್ತವೆ ಎಂಬುದು ನಮ್ಮ ಚರ್ಚೆಗೆ ಬಹು ಮುಖ್ಯವಾದ ಸಂಗತಿ. ಕದಂಬರ ಪ್ರಶಸ್ತಿಗಳಲ್ಲಿ 'ಸಿಂಹಲಾಂಛನ'ವೂ 'ಶಾಖಾಚರೇಂದ್ರಧ್ವಜ'ವೂ, ಅಂದರೆ ವಾನರಧ್ವಜವೂ, ಪ್ರತ್ಯೇಕ ವಿಶೇಷಣಗಳಾಗಿ ಬರುತ್ತವೆ. ಸವದತ್ತಿಯ ರಟ್ಟರು ತಮ್ಮನ್ನು 'ಸಿಂಧೂರಲಾಂಛನ'ರೆಂದೂ 'ಸುವರ್ಣಗರುಡಧ್ವಜ'ರೆಂದೂ ಕರೆದುಕೊಂಡರು. ಬಾದಾಮಿಯ ಚಲುಕ್ಯರ ಲಾಂಛನ ವರಾಹ. ಆದರೆ ಅವರು ಉತ್ತರಾಪಥದ ಅರಸನಿಂದ 'ಪಾಳಿಧ್ವಜ'ವನ್ನು ಗೆದ್ದುಕೊಂಡರೆಂದು ಅವರ ತಾಮ್ರಶಾಸನಗಳು ಹೇಳುತ್ತವೆ. ಪಾಳಿ ಎಂದರೆ ಸಾಲು. ಪಾಳಿಧ್ವಜವೆಂದರೆ ಸಾಲುಸಾಲಾಗಿ ಹಿಡಿಯುವ ಬಾವುಟಗಳ ಸಮೂಹ. ಅಮೋಘವರ್ಷ ನೃಪತುಂಗನ ಗುರುವೆನಿಸಿದ ಜಿನಸೇನಾಚಾರ್ಯನು ತನ್ನ ಸಂಸ್ಕೃತ ಆದಿಪುರಾಣದಲ್ಲಿ ಇದರ ಲೆಕ್ಕವನ್ನೇ ಕೊಡುತ್ತಾನೆ: ಮಾಲೆ, ವಸ್ತ್ರ, ನವಿಲು, ತಾವರೆ, ಹಂಸ, ಗರುಡ, ಸಿಂಹ, ವೃಷಭ, ಆನೆ, ಚಕ್ರ ಎಂಬ ಹತ್ತು ಬಗೆಯ ಚಿಹ್ನೆಗಳು, ಪ್ರತಿಯೊಂದರ ೧೦೮ ಬಾವುಟಗಳು, ದಿಕ್ಕಿಗೆ ೧೦೮೦ರಂತೆ ನಾಲ್ಕು ದಿಕ್ಕುಗಳಿಗೆ ಒಟ್ಟು ೪೩೨೦.

ಇವುಗಳಿಂದ ಹೊರಡುವ ತಾತ್ಪರ್ಯವಿಷ್ಟು. ಲಾಂಛನವು ಮುದ್ರೆಗೆ ಸಂಬಂಧಿಸಿದುದು. ಚಲುಕ್ಯರ ತಾಮ್ರಪಟಗಳ ಬಳೆಯ ಮೇಲೆ ವರಾಹವನ್ನೂ ರಾಷ್ಟ್ರಕೂಟರ ತಾಮ್ರಪಟಗಳ ಮೇಲೆ ಗರುಡನನ್ನೂ ಒತ್ತಿದುದು ದತ್ತಿಯ ಆಜ್ಞೆ ಅರಸನದೇ ಎಂದು ಸಾಬೀತುಪಡಿಸಲು. ಲಾಂಛನ ವಂಶದೊಡನೆ ಬರುತ್ತದೆ, ಅಧಿಕಾರದೊಡನೆ ನಿಲ್ಲುತ್ತದೆ. ಧ್ವಜವಾದರೋ ಬಯಲಿನದು, ದೂರದಿಂದ ಕಂಡು ಗುರುತಿಸಿ ಅದರ ಸುತ್ತ ಜನ ನೆರೆಯುವುದಕ್ಕಾಗಿ ಇರುವಂತಹುದು. ಅದನ್ನು ಗೆಲ್ಲಬಹುದು, ಸೋಲಬಹುದು, ಒಬ್ಬರಿಂದ ಇನ್ನೊಬ್ಬರಿಗೆ ಹೋಗಬಹುದು. ಮುದ್ರೆ ಆಳುವವರದು, ಬಾವುಟ ನೆರೆದವರದು ಎಂದು ಸ್ಥೂಲವಾಗಿ ಹೇಳಬಹುದು. ಈ ಭೇದವನ್ನು ನಾವು ಮುಂದೆ ಮತ್ತೆ ಎತ್ತಿಕೊಳ್ಳಲಿದ್ದೇವೆ.

೨. ಎರಡು ಬಾವುಟಗಳು ಜೊತೆಗೆ ಹಾರಿದ ಪ್ರಸಂಗ

ಅರಸರ ಬಾವುಟವೂ ಜನರ ಬಾವುಟವೂ ಎದುರುಬದುರಾದ ಸಂದರ್ಭವೊಂದು ಆಧುನಿಕ ಕರ್ನಾಟಕದ ಚರಿತ್ರೆಯಲ್ಲಿ ಇದೆ. ೧೯೩೮ರ ಏಪ್ರಿಲ್ ತಿಂಗಳಲ್ಲಿ ಮದ್ದೂರು ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆಯನ್ನು ಮೀರಿ ತ್ರಿವರ್ಣಧ್ವಜವನ್ನು ಹಾರಿಸಿದರು. ಅದೇ ತಿಂಗಳ ೨೫ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಾರೋಹಣಕ್ಕೆಂದು ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಮೇ ತಿಂಗಳಲ್ಲಿ ಸರದಾರ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಸಂಸ್ಥಾನಕ್ಕೆ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಒಪ್ಪಂದದಲ್ಲಿ ಧ್ವಜದ ಪ್ರಶ್ನೆಗೆ ದೊರೆತ ಪರಿಹಾರವೆಂದರೆ ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬುದು.

ಒಂದು ನೆಲದ ಮೇಲೆ ಎರಡು ಬಾವುಟಗಳಿಗೆ ಎಡೆಯಿದೆಯೇ ಎಂಬ ಪ್ರಶ್ನೆ, ಆದುದರಿಂದ, ನಮಗೆ ಹೊಸದಲ್ಲ. ಅಂದು ಸ್ಥಳೀಯ ಧ್ವಜ ಅರಮನೆಯದಾಗಿತ್ತು, ರಾಷ್ಟ್ರದ ಧ್ವಜ ಜನರದಾಗಿತ್ತು. ಇಂದು ರಾಷ್ಟ್ರಧ್ವಜವು ಸಂವಿಧಾನಬದ್ಧ ಪ್ರಭುತ್ವದ ಧ್ವಜವಾಗಿದೆ. ಸ್ಥಳೀಯ ಧ್ವಜ ಜನರಿಂದ ಹುಟ್ಟಿ ಬಂದುದಾಗಿದೆ. ರಾಷ್ಟ್ರಧ್ವಜದ ವಿಷಯದಲ್ಲಿ ಕನ್ನಡಿಗರ ನಿಷ್ಠೆಗೆ ಬೇರೆ ಸಾಕ್ಷಿ ಬೇಕಾಗಿಲ್ಲ. ೧೯೨೩ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರೊಡನೆ ಸೆರೆಮನೆ ಸೇರಿದವರು ಡಾ. ನಾ. ಸು. ಹರ್ಡೀಕರರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೊಲಿದ ರಾಷ್ಟ್ರಧ್ವಜಗಳು ದೇಶದ ಉದ್ದಗಲಕ್ಕೂ ಹಾರಿವೆ. ಕನ್ನಡ ಬಾವುಟವನ್ನು ಕುರಿತ ಯಾವ ಮಾತನ್ನೂ ಈ ಹಿನ್ನೆಲೆಯಲ್ಲಿಯೇ ಆಡಬೇಕು.

೩. ಹಳದಿ-ಕೆಂಪು ಬಾವುಟದ ಹುಟ್ಟು

೧೯೫೬ರ ನವೆಂಬರ್ ೧ರಂದು ಕನ್ನಡ ಪ್ರದೇಶಗಳು ಒಂದಾದವು. ಹೊಸ ರಾಜ್ಯಕ್ಕೆ ಹೆಸರು 'ಮೈಸೂರು' ಎಂದೇ ಉಳಿಯಿತು. 'ಕರ್ನಾಟಕ'ವೆಂಬ ಹೆಸರು ದೊರೆತುದು ದೇವರಾಜ ಅರಸು ಅವರ ಕಾಲದಲ್ಲಿ, ೧೯೭೩ರ ನವೆಂಬರ್ ೧ರಂದು. ಈ ಎರಡು ದಿನಾಂಕಗಳ ನಡುವೆ, ೧೯೬೦ರ ದಶಕದ ಬೆಂಗಳೂರಿನಲ್ಲಿ, ನಮ್ಮ ಬಾವುಟ ಹುಟ್ಟಿತು. ನಾಡಿಗೆ ಅದರ ಹೆಸರು ಬರುವ ಮೊದಲೇ ನುಡಿಗೆ ಬಾವುಟ ಬಂದಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಅದನ್ನು ರೂಪಿಸಿದವರು ಮ. ರಾಮಮೂರ್ತಿಯವರು. 'ವೀರಕೇಸರಿ' ಸೀತಾರಾಮಶಾಸ್ತ್ರಿಗಳ ಪುತ್ರರಾದ ರಾಮಮೂರ್ತಿಯವರು ಪತ್ರಕರ್ತರು, ಪತ್ತೇದಾರಿ ಕಾದಂಬರಿಗಳಿಂದ ಜನಪ್ರಿಯರಾದ ಲೇಖಕರು. ಅ. ನ. ಕೃಷ್ಣರಾಯರು ಮುಂದಾಳಾಗಿದ್ದ ಅಂದಿನ ಕನ್ನಡ ಚಳವಳಿಯಲ್ಲಿ ಅವರು ಪೂರ್ಣವಾಗಿ ತೊಡಗಿದರು. 'ಕನ್ನಡ ಪಕ್ಷ'ವೆಂಬ ರಾಜಕೀಯ ಪಕ್ಷವನ್ನೂ ಕಟ್ಟಿದರು. ಬೆಂಗಳೂರಿನ ಬೀದಿಗಳಲ್ಲಿ ನೆರೆನಾಡಿನ ಪಕ್ಷಗಳ ಬಾವುಟಗಳು ಹಾರಾಡುತ್ತಿದ್ದುದನ್ನು ಕಂಡು, ಕನ್ನಡಿಗರಿಗೆ ತಮ್ಮದೆನ್ನುವ ಒಂದು ಬಾವುಟವೂ ಇಲ್ಲವಲ್ಲ ಎಂಬ ಕೊರಗಿನಿಂದ ಅವರು ಇದನ್ನು ರೂಪಿಸಿದರೆಂಬುದು ಪ್ರಚಲಿತವಾಗಿರುವ ವೃತ್ತಾಂತ. ೧೯೬೭ರಲ್ಲಿ ತಮ್ಮ ಜಮೀನಿನಲ್ಲಿ ತೋಡಿಸುತ್ತಿದ್ದ ಬಾವಿ ಕುಸಿದು ಇಬ್ಬರು ಪುತ್ರರೊಡನೆ ಅವರು ಮಡಿದರು. ಒಂದು ಪಕ್ಷಕ್ಕೆಂದು ಹುಟ್ಟಿದ ಬಾವುಟ ಆ ಪಕ್ಷ ಜನರ ನೆನಪಿನಿಂದ ಮರೆಯಾದ ಮೇಲೂ ಉಳಿಯಿತು. ಉಳಿದುದಷ್ಟೇ ಅಲ್ಲ, ಎಲ್ಲ ಪಕ್ಷಗಳವರ, ಯಾವ ಪಕ್ಷಕ್ಕೂ ಸೇರದವರ ಸ್ವತ್ತಾಯಿತು. ಗೋಕಾಕ ಚಳವಳಿಯ ಮೆರವಣಿಗೆಗಳಿಂದ ಮೊದಲ್ಗೊಂಡು ಆಟೋರಿಕ್ಷಾಗಳ ಮುಂಭಾಗದವರೆಗೆ ಅದು ಹಬ್ಬಿದುದು ಯಾವ ಆಜ್ಞೆಯ ಬಲದಿಂದಲೂ ಅಲ್ಲ.

ಹಬ್ಬಿದುದಕ್ಕೆ ಅದರ ವಿನ್ಯಾಸವೂ ಒಂದು ಕಾರಣ. ಮೇಲೆ ಹಳದಿ, ಕೆಳಗೆ ಕೆಂಪು, ಎರಡು ಸಮಾನ ಅಡ್ಡಪಟ್ಟಿಗಳು; ನಡುವೆ ಚಿತ್ರವಿಲ್ಲ, ಅಕ್ಷರವಿಲ್ಲ. ರಾಷ್ಟ್ರಧ್ವಜಕ್ಕೆ ಅಗಲ-ಎತ್ತರಗಳ ೩:೨ ಪ್ರಮಾಣವಿದೆ, ೨೪ ಅರಗಳ ಚಕ್ರವಿದೆ, ಬಣ್ಣಗಳಿಗೂ ನಿಗದಿಯಾದ ಮಾನಗಳಿವೆ. ಕನ್ನಡ ಬಾವುಟಕ್ಕೆ ಅಂತಹ ಯಾವ ಕಟ್ಟುಪಾಡೂ ಇಲ್ಲ. ಎರಡು ತುಂಡು ಬಟ್ಟೆಯಿದ್ದರೆ ಯಾವ ಮನೆಯಲ್ಲಿಯೂ ಯಾವ ಊರಿನಲ್ಲಿಯೂ ಅದನ್ನು ಹೊಲಿಯಬಹುದು. ನಮ್ಮ ಸಂಘದ ಬಾವುಟ ತಯಾರಾದುದು ಸದಸ್ಯರೊಬ್ಬರ ಮನೆಯ ಹೊಲಿಗೆ ಯಂತ್ರದ ಮೇಲೆ. ಅದರ ಹಳದಿ ಮಾರುಕಟ್ಟೆಯಲ್ಲಿ ಆ ದಿನ ದೊರೆತ ಹಳದಿ. ಆದರೂ ಅದನ್ನು ಕಂಡವರಾರೂ ಇದು ಬೇರೆ ಬಾವುಟವೆಂದು ಹೇಳಲಿಲ್ಲ.

೪. ಬಣ್ಣಗಳ ಅರ್ಥ

ಹಳದಿ-ಕೆಂಪುಗಳಿಗೆ ಸಾಮಾನ್ಯವಾಗಿ ಕೊಡುವ ವಿವರಣೆ ಅರಿಸಿನ-ಕುಂಕುಮವೆಂಬುದು. ಹಳದಿ ಶಾಂತಿಯ ಸಂಕೇತ, ಕೆಂಪು ಧೈರ್ಯದ ಅಥವಾ ಕ್ರಾಂತಿಯ ಸಂಕೇತ ಎಂಬ ಇನ್ನೊಂದು ವಿವರಣೆಯೂ ಬಳಕೆಯಲ್ಲಿದೆ. ಈ ಎರಡರಲ್ಲಿ ಜನರ ಮನಸ್ಸನ್ನು ಹಿಡಿದುದು ಮೊದಲನೆಯದೇ. ಅದು ಪುಸ್ತಕದಿಂದ ಬಂದುದಲ್ಲ, ಹೊಸ್ತಿಲಿನಿಂದ ಬಂದುದು.

ಅರಿಸಿನಕ್ಕೂ ಕುಂಕುಮಕ್ಕೂ ಇರುವ ನಂಟು ಬಣ್ಣಗಳ ಜೋಡಣೆಗಿಂತ ಆಳವಾದುದು. ಸಾಂಪ್ರದಾಯಿಕ ಕುಂಕುಮವನ್ನು ತಯಾರಿಸುವುದು ಅರಿಸಿನದಿಂದಲೇ. ಸುಣ್ಣದಂತಹ ಕ್ಷಾರ ತಗುಲಿದೊಡನೆ ಅರಿಸಿನದ ಹಳದಿ ಕೆಂಪಿಗೆ ತಿರುಗುತ್ತದೆ. ನೀರಿಗೆ ಅರಿಸಿನ-ಸುಣ್ಣ ಕದಡಿ ಕೆಂಪಾರತಿ ಸಿದ್ಧಪಡಿಸುವ ಪ್ರತಿಯೊಬ್ಬ ಗೃಹಿಣಿಗೂ ಇದು ಗೊತ್ತು. ಬಾವುಟದ ಎರಡು ಪಟ್ಟಿಗಳು ಹೊರನೋಟಕ್ಕೆ ಎರಡು, ಬೇರು ಒಂದೇ. ಆ ಕೆಂಪಾರತಿಯನ್ನು ಎತ್ತುವುದಾದರೂ ಯಾವಾಗ? ಮನೆಗೆ ಬಂದವರನ್ನು, ಊರಿನಿಂದ ಮರಳಿದವರನ್ನು, ಹೊಸದಾಗಿ ಕಾಲಿಡುವವರನ್ನು ಒಳಗೆ ಬರಮಾಡಿಕೊಳ್ಳುವಾಗ. ರಾಮಮೂರ್ತಿಯವರು ಇಷ್ಟನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಬಣ್ಣಗಳನ್ನು ಆರಿಸಿದರೆಂದು ನಾನು ಹೇಳುತ್ತಿಲ್ಲ. ಆದರೆ ಸಂಕೇತಗಳು ಅವುಗಳನ್ನು ಆರಿಸಿದವರ ಉದ್ದೇಶವನ್ನು ಮೀರಿ ಬೆಳೆಯುತ್ತವೆ.

ಈ ವಿವರಣೆಯ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಅರಿಸಿನ-ಕುಂಕುಮ ಒಂದು ಧರ್ಮದ ಆಚರಣೆಗೆ ಹತ್ತಿರವಾದುದು. ಅದು ಸೌಭಾಗ್ಯದ ಚಿಹ್ನೆಯೆಂದಾದಾಗ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಹೊರಗೆ ನಿಲ್ಲಿಸಿದ ಕ್ರೌರ್ಯದ ಚಿಹ್ನೆಯೂ ಆಗುತ್ತದೆ. ಕನ್ನಡವು ಮುಸಲ್ಮಾನರ, ಕ್ರೈಸ್ತರ, ಜೈನರ ಮನೆಮಾತೂ ಹೌದು. ಕುಂಕುಮವಿಟ್ಟವರ ಭಾಷೆಯೆಷ್ಟೋ ಇಡದವರ ಭಾಷೆಯೂ ಅಷ್ಟೇ. ಬಾವುಟದ ಅರ್ಥವನ್ನು ಒಂದೇ ವಿವರಣೆಗೆ ಕಟ್ಟಿಹಾಕಿದರೆ ಬಾವುಟದ ಕೆಳಗೆ ನಿಲ್ಲುವವರ ಸಂಖ್ಯೆ ಕಡಿಮೆಯಾಗುತ್ತದೆ.

ಇಂತಹ ಇಕ್ಕಟ್ಟನ್ನು ರಾಷ್ಟ್ರಧ್ವಜವೂ ಎದುರಿಸಿತ್ತು. ೧೯೨೧ರ ಸುಮಾರಿನ ಧ್ವಜದ ಬಣ್ಣಗಳನ್ನು ಮತಧರ್ಮಗಳಿಗೆ ಹಂಚಿ ವಿವರಿಸಲಾಗಿತ್ತು. ಒಂದೊಂದು ಮತದವರೂ ತಮ್ಮ ಬಣ್ಣವೆಲ್ಲಿ ಎಂದು ಕೇಳತೊಡಗಿದಾಗ ೧೯೩೧ರಲ್ಲಿ ಕಾಂಗ್ರೆಸ್ಸು ಏಳು ಮಂದಿಯ ಧ್ವಜ ಸಮಿತಿಯೊಂದನ್ನು ನೇಮಿಸಿತು. ಮೇಲೆ ಹೇಳಿದ ಹರ್ಡೀಕರರೂ ಅದರ ಸದಸ್ಯರಾಗಿದ್ದರು. ಸಮಿತಿ ಸೂಚಿಸಿದ ಏಕವರ್ಣದ ಕೇಸರಿ ಧ್ವಜವನ್ನು ಬದಿಗಿಟ್ಟು, ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಇದೇ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಕೇಸರಿ, ಬಿಳಿ, ಹಸಿರು ಬಣ್ಣಗಳನ್ನು ಅಂಗೀಕರಿಸಿತು. ಬಣ್ಣಗಳಿಗೆ ಕೋಮುವಾರು ಅರ್ಥವಿಲ್ಲ, ಅವು ಗುಣಗಳನ್ನು ಸೂಚಿಸುತ್ತವೆ ಎಂದು ಸ್ಪಷ್ಟಪಡಿಸಿತು. ಬಣ್ಣದ ಅರ್ಥ ಬಣ್ಣದೊಳಗೆ ಇಲ್ಲ, ಅದನ್ನು ಹಿಡಿದವರ ಸಮ್ಮತಿಯಲ್ಲಿದೆ ಎಂಬ ಪಾಠ ಇದರಲ್ಲಿದೆ. ನಮ್ಮ ಬಾವುಟದ ನಡುವೆ ಯಾವ ದೇವರ, ಅರಸರ, ಮತದ ಚಿತ್ರವೂ ಇಲ್ಲದಿರುವುದು ಈ ದೃಷ್ಟಿಯಿಂದ ಒಂದು ಭಾಗ್ಯವೆಂದೇ ನನ್ನ ಭಾವನೆ. ಅರಿಸಿನ-ಕುಂಕುಮವೆಂದು ಕಾಣುವವರು ಹಾಗೆ ಕಾಣಲಿ, ಶಾಂತಿ-ಧೈರ್ಯಗಳೆನ್ನುವವರು ಹಾಗೆನ್ನಲಿ, ಕನ್ನಡವೆಂದಷ್ಟೇ ಕಾಣುವವರಿಗೂ ಅಲ್ಲಿ ಜಾಗವಿದೆ.

೫. ಅಧಿಕೃತ ಧ್ವಜದ ಪ್ರಯತ್ನ

ರಾಜ್ಯಗಳಿಗೆ ಧ್ವಜವಿರಬೇಕೆಂದಾಗಲಿ ಇರಬಾರದೆಂದಾಗಲಿ ನಮ್ಮ ಸಂವಿಧಾನದಲ್ಲಿ ಯಾವ ವಿಧಿಯೂ ಇಲ್ಲ. ೨೦೦೨ರ ಭಾರತ ಧ್ವಜ ಸಂಹಿತೆಯು ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಅಥವಾ ಅದಕ್ಕೆ ಸರಿಸಮನಾಗಿ ಬೇರೆ ಬಾವುಟವನ್ನು ಇರಿಸಬಾರದೆಂದು ಸಾಮಾನ್ಯ ನಿಯಮವಾಗಿ ಹೇಳುತ್ತದೆ. ತನ್ನದೇ ಆದ ಧ್ವಜವನ್ನು ಅಧಿಕೃತವಾಗಿ ಹೊಂದಿದ್ದ ರಾಜ್ಯವೆಂದರೆ ಜಮ್ಮು ಮತ್ತು ಕಾಶ್ಮೀರ. ಕೆಂಪು ನೆಲದ ಮೇಲೆ ಬಿಳಿಯ ನೇಗಿಲು, ಜಮ್ಮು, ಕಾಶ್ಮೀರ, ಲಡಾಖ್ ಪ್ರದೇಶಗಳನ್ನು ಸೂಚಿಸುವ ಮೂರು ಬಿಳಿಯ ನೀಟಪಟ್ಟಿಗಳು: ೧೯೫೨ರಲ್ಲಿ ಅಲ್ಲಿನ ಸಂವಿಧಾನ ಸಭೆ ಒಪ್ಪಿದ ಈ ಧ್ವಜವು ೨೦೧೯ರ ಆಗಸ್ಟ್‌ನಲ್ಲಿ ರಾಜ್ಯದ ವಿಶೇಷ ಸ್ಥಾನಮಾನದೊಡನೆ ಕೊನೆಗೊಂಡಿತು. ೧೯೭೦ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿಯವರು ತಮ್ಮ ರಾಜ್ಯಕ್ಕೆ ಧ್ವಜವೊಂದರ ವಿನ್ಯಾಸವನ್ನು ಮುಂದಿಟ್ಟರಾದರೂ ಅದು ಕೈಗೂಡಲಿಲ್ಲ.

ಕರ್ನಾಟಕದಲ್ಲಿ ೨೦೧೨ರಲ್ಲಿ ಡಿ. ವಿ. ಸದಾನಂದಗೌಡರು ಮುಖ್ಯಮಂತ್ರಿಗಳಾಗಿದ್ದಾಗ, ರಾಜ್ಯೋತ್ಸವದಂದು ಸರಕಾರಿ ಕಚೇರಿ ಹಾಗೂ ಶಾಲೆ-ಕಾಲೇಜುಗಳ ಮೇಲೆ ಕನ್ನಡ ಬಾವುಟ ಹಾರಿಸುವುದನ್ನು ಕಡ್ಡಾಯಗೊಳಿಸುವ ವಿಚಾರ ಆಯವ್ಯಯ ಭಾಷಣದಲ್ಲಿ ಬಂದಿತು. ಪ್ರಶ್ನೆ ಉಚ್ಚ ನ್ಯಾಯಾಲಯದ ಮುಂದೆ ಹೋದಾಗ ಸರಕಾರ ಹಿಂದೆಗೆಯಿತು. ೨೦೧೭ರಲ್ಲಿ ಸಿದ್ದರಾಮಯ್ಯನವರ ಸರಕಾರವು ಒಂಬತ್ತು ಮಂದಿಯ ಸಮಿತಿಯನ್ನು ನೇಮಿಸಿತು. ಅದರ ವರದಿಯ ಆಧಾರದಿಂದ ೨೦೧೮ರ ಮಾರ್ಚ್ ೮ರಂದು ಮುಖ್ಯಮಂತ್ರಿಗಳು 'ನಾಡಧ್ವಜ'ದ ವಿನ್ಯಾಸವನ್ನು ಅನಾವರಣಗೊಳಿಸಿದರು. ಕೇಂದ್ರ ಸರಕಾರದ ಒಪ್ಪಿಗೆಗೆ ಅದನ್ನು ಕಳುಹಿಸಲಾಯಿತು. ಆ ಒಪ್ಪಿಗೆ ಇನ್ನೂ ದೊರೆತಿಲ್ಲ.

ಈ ಹೊಸ ವಿನ್ಯಾಸದಲ್ಲಿ ಪಟ್ಟಿಗಳು ಮೂರು: ಮೇಲೆ ಹಳದಿ, ನಡುವೆ ಬಿಳಿ, ಕೆಳಗೆ ಕೆಂಪು, ಬಿಳಿಯ ಪಟ್ಟಿಯ ಮಧ್ಯದಲ್ಲಿ ರಾಜ್ಯದ ಲಾಂಛನ. ಆ ಲಾಂಛನದ ಹೃದಯಭಾಗದಲ್ಲಿರುವುದು ಎರಡು ತಲೆಯ ಗಂಡಭೇರುಂಡ. ಈ ಪಕ್ಷಿಯ ಪ್ರಾಚೀನತೆ ಸಣ್ಣದಲ್ಲ. ಬಳ್ಳಿಗಾವೆಯಲ್ಲಿ ಗಂಡಭೇರುಂಡ ಮೂರ್ತಿಯ ಸ್ತಂಭ ನಿಂತುದು ಕ್ರಿ. ಶ. ೧೦೪೭ರಲ್ಲಿ, ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪದಲ್ಲಿ ಅದು ಇದೆ, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಇದೆ, ಅನಂತರ ಮೈಸೂರು ಒಡೆಯರ ಲಾಂಛನವಾಗಿ, ಅಲ್ಲಿಂದ ಇಂದಿನ ರಾಜ್ಯದ ಲಾಂಛನಕ್ಕೆ ಬಂದಿದೆ. ಚರಿತ್ರೆಯ ದೃಷ್ಟಿಯಿಂದ ಆಯ್ಕೆ ಯೋಗ್ಯವಾದುದೇ. ನಡುವಿನ ಬಿಳಿಯೂ ಲಾಂಛನಕ್ಕೆ ಒಪ್ಪುವ ನೆಲವಾಗಿದೆ.

ಆದರೆ ಇಲ್ಲಿಯೇ ನಾವು ಹಿಂದೆ ಕಂಡ ಭೇದವನ್ನು ನೆನೆಯಬೇಕು. ಶಾಸನಗಳು ಬೇರೆ ಬೇರೆಯಾಗಿರಿಸಿದ ಧ್ವಜ-ಲಾಂಛನಗಳು ಈ ವಿನ್ಯಾಸದಲ್ಲಿ ಒಂದಾಗಿವೆ. ಬಾವುಟದ ನಡುವೆ ಮುದ್ರೆ ಬಿದ್ದಿದೆ. ಮುದ್ರೆ ಬಿದ್ದೊಡನೆ ಬಾವುಟವು ಆಳುವ ಸಂಸ್ಥೆಯ ಸ್ವತ್ತಾಗುತ್ತದೆ. ಅದರ ಬಳಕೆಗೆ ನಿಯಮ ಬರುತ್ತದೆ. ರಾಜ್ಯದ ಲಾಂಛನದ ಶಿಖರದಲ್ಲಿ ಅಶೋಕಸ್ತಂಭದ ಸಿಂಹಗಳಿವೆ. ರಾಷ್ಟ್ರಲಾಂಛನದ ಬಳಕೆಯನ್ನು ೨೦೦೫ರ ಕಾಯಿದೆಯೊಂದು ಬಿಗಿಯಾಗಿ ನಿಯಂತ್ರಿಸುತ್ತದೆ. ಬೆಂಗಳೂರಿನ ವಿಧಾನಸೌಧಕ್ಕೆ ಇದರಿಂದ ತೊಂದರೆಯಿಲ್ಲ. ಆದರೆ ಪುಣೆಯ ಒಂದು ಕನ್ನಡ ಸಂಘ, ದೆಹಲಿಯ ಒಂದು ಕನ್ನಡ ಶಾಲೆ, ಚೆನ್ನೈಯ ಒಂದು ಯಕ್ಷಗಾನ ಮಂಡಳಿ ಆ ಬಾವುಟವನ್ನು ತನ್ನ ಮನೆಯ ಹೊಲಿಗೆ ಯಂತ್ರದ ಮೇಲೆ ಹೊಲಿದು ಹಾರಿಸಬಹುದೇ? ಹಾರಿಸಿದರೂ, ಒಂದು ರಾಜ್ಯದ ಸರಕಾರದ ಮುದ್ರೆಯನ್ನು ಇನ್ನೊಂದು ರಾಜ್ಯದ ನೆಲದಲ್ಲಿ ಖಾಸಗಿಯವರು ಎತ್ತಿ ಹಿಡಿಯುವುದರ ಔಚಿತ್ಯವೇನು?

ರಾಜ್ಯಕ್ಕೆ ಅಧಿಕೃತ ಧ್ವಜ ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಒಕ್ಕೂಟ ವ್ಯವಸ್ಥೆಯಲ್ಲಿ ರಾಜ್ಯಗಳು ತಮ್ಮ ಚಹರೆಯನ್ನು ಪ್ರಕಟಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದು ಬಂದರೆ ಬರಲಿ, ಗೌರವದಿಂದ ಹಾರಲಿ. ಅದು ಬಂದಿತೆಂದು ಹಳೆಯ ದ್ವಿವರ್ಣ ಬಾವುಟವನ್ನು ಕೆಳಗಿಳಿಸಬಾರದೆಂಬುದಷ್ಟೇ ನನ್ನ ವಿನಂತಿ. ಒಂದು ನಾಡಿನ ಆಡಳಿತದ ಬಾವುಟ. ಇನ್ನೊಂದು ನುಡಿಯ ಬಾವುಟ. ಮೊದಲನೆಯದಕ್ಕೆ ಎಲ್ಲೆಯಿದೆ, ಎರಡನೆಯದಕ್ಕೆ ಕನ್ನಡ ಮಾತನಾಡುವವರು ಎಲ್ಲಿಯವರೆಗೆ ಇದ್ದಾರೋ ಅಲ್ಲಿಯವರೆಗೆ ಹರವು.

೬. ಹೊರನಾಡಿನಲ್ಲಿ ಈ ಬಾವುಟ

ಕೊನೆಯದಾಗಿ, ಹೊರನಾಡಿನವರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಒಂದು ಕಷ್ಟದ ಪ್ರಶ್ನೆಯಿದೆ. ಬೆಂಗಳೂರಿನಲ್ಲಿ ಪರಭಾಷೆಯವರ ಬಾವುಟಗಳನ್ನು ಕಂಡು ನೊಂದ ಮನಸ್ಸಿನಿಂದ ನಮ್ಮ ಬಾವುಟ ಹುಟ್ಟಿತು. ಅದೇ ಬಾವುಟವನ್ನು ನಾವು ಮುಂಬಯಿಯಲ್ಲಿ ಹಾರಿಸುವಾಗ ಇಲ್ಲಿನವರ ಕಣ್ಣಿಗೆ ನಾವೇ ಪರಭಾಷೆಯವರು. ಅಂದು ಬೆಂಗಳೂರಿನಲ್ಲಿ ತಮ್ಮ ಬಾವುಟವೇರಿಸಿದವರ ಸ್ಥಾನದಲ್ಲಿ ಇಂದು ನಾವಿದ್ದೇವೆ. ತನ್ನ ಊರನ್ನು ಬಿಟ್ಟು ಬಂದವನು ತನ್ನ ಭಾಷೆಯ ಬಣ್ಣವನ್ನು ಕಿಟಕಿಗೆ ಕಟ್ಟುವುದು ಬಹುಮಟ್ಟಿಗೆ ಆಕ್ರಮಣಕ್ಕಲ್ಲ, ಒಂಟಿತನಕ್ಕೆ ಮದ್ದಾಗಿ ಎಂಬುದು ಹೊರನಾಡಿನಲ್ಲಿ ಬಾಳಿದವರಿಗೆ ಗೊತ್ತು. ಹಾಗೆ ಗೊತ್ತಾದ ಮೇಲೆ ಕರ್ನಾಟಕದಲ್ಲಿ ನೆಲೆಸಿದ ತಮಿಳರ, ತೆಲುಗರ, ಮರಾಠಿಗರ ಬಗೆಗೆ ನಮ್ಮ ಮಾತು ಸ್ವಲ್ಪ ಮೆದುವಾಗಬೇಕು. ಕನ್ನಡಕ್ಕೆ ಅದರ ನೆಲದಲ್ಲಿ ಸಲ್ಲಬೇಕಾದ ಅಗ್ರಸ್ಥಾನವನ್ನು ಬಿಟ್ಟುಕೊಡಬೇಕೆಂದು ಇದರ ಅರ್ಥವಲ್ಲ. ಹಕ್ಕನ್ನು ಕೇಳುವ ಬಾವುಟ ಆದರವನ್ನು ಮರೆಯಬಾರದೆಂದು ಅರ್ಥ.

ಮಹಾರಾಷ್ಟ್ರದಲ್ಲಿ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ 'ಹಳದೀ-ಕುಂಕೂ' ನಡೆಯುತ್ತದೆ. ನೆರೆಯ ಹೆಂಗಸರು ಕನ್ನಡದ ಮನೆಗೂ ಬಂದು ಅರಿಸಿನ-ಕುಂಕುಮ ಪಡೆದು, ಎಳ್ಳುಬೆಲ್ಲ ಕೊಟ್ಟು ಹೋಗುತ್ತಾರೆ. ಎಳ್ಳುಬೆಲ್ಲ ಬೀರುವ ಪದ್ಧತಿ ನಮ್ಮಲ್ಲೂ ಇದೆಯಷ್ಟೆ. ನಮ್ಮ ಬಾವುಟದ ಎರಡು ಬಣ್ಣಗಳು ಇಲ್ಲಿನ ತಟ್ಟೆಯಲ್ಲಿಯೂ ಇವೆ. ಮೊನ್ನೆಯ ರಾಜ್ಯೋತ್ಸವದಲ್ಲಿ ನಮ್ಮ ಕಟ್ಟಡದ ಮರಾಠಿ ಕಾವಲುಗಾರನು ಬಾವುಟದ ಕೋಲನ್ನು ನೆಡಲು ನೆರವಾಗುತ್ತ, "ಇದು ಹಳದೀ-ಕುಂಕೂ ಬಾವುಟ ಅಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದ. ಹೌದೆಂದೆ. ಅವನಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಅಂದು ನನ್ನ ವಿದ್ಯಾರ್ಥಿನಿಗೆ ಹೇಳಬೇಕಾಗಿದ್ದ ಉತ್ತರ ಈಗ ಸ್ಪಷ್ಟವಾಗಿದೆ. ಇದು ಕರ್ನಾಟಕದಲ್ಲಿ ಹುಟ್ಟಿದ ಬಾವುಟ. ಆದರೆ ಕರ್ನಾಟಕ ಸರಕಾರದ ಬಾವುಟವಲ್ಲ. ಅದರ ಮೇಲೆ ಯಾವ ಮುದ್ರೆಯೂ ಇಲ್ಲವಾದುದರಿಂದ ಅದು ಮಹಾರಾಷ್ಟ್ರದ ನಿವಾಸಿಯಾದ ಅವಳದೂ ಹೌದು. ರಾಷ್ಟ್ರಧ್ವಜಕ್ಕೆ ಸಲ್ಲಬೇಕಾದ ಎತ್ತರದ ಗೌರವವನ್ನು ಸಲ್ಲಿಸಿ, ತಾನು ಬಾಳುವ ನೆಲದ ಭಾಷೆಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿ, ಅವಳು ಅದನ್ನು ನಿಸ್ಸಂಕೋಚವಾಗಿ ಹಿಡಿಯಬಹುದು. ಹಿಡಿದವಳಿಗೆ ಕನ್ನಡ ಓದಲು, ಬರೆಯಲು, ತನ್ನ ಮಕ್ಕಳಿಗೆ ಕಲಿಸಲು ಬಂದರೆ ಬಾವುಟದ ಅರ್ಥ ಪೂರ್ಣವಾದಂತೆ. ಹೊರನಾಡಿನಲ್ಲಿ ಕನ್ನಡ ವಿಭಾಗವೊಂದು ಮಾಡಬಹುದಾದ ಧ್ವಜವಂದನೆ ಅದೇ.